ಕೆಲಸ ಹುಡುಕೋ ಆ್ಯಪ್‌ನ ಪ್ರೀಮಿಯಂ ಪ್ಲಾನ್: ಅಲರ್ಟ್ ಓಕೆ, ಡ್ಯಾಶ್‌ಬೋರ್ಡ್ ನಂಬ್ಬೇಡಿ

2 ಸ್ಟಾರ್ ಕೊಡ್ತಿದೀನಿ, ಒಂದು ಫಿಲ್ಟರ್‌ಗೆ, ಇನ್ನೊಂದು ಅಲರ್ಟ್‌ಗೆ. ಆ್ಯಪ್ ಹೆಸರು ಹಾಕಲ್ಲ, ಈ ಥರದವು ಹೆಚ್ಚುಕಮ್ಮಿ ಎಲ್ಲಾ ಒಂದೇ, ಬಣ್ಣ ಮಾತ್ರ ಬೇರೆ.

ಮೊದ್ಲು ಚೆನ್ನಾಗಿರೋದು ಹೇಳ್ಬಿಡ್ತೀನಿ. ಫಿಲ್ಟರ್ ನಿಜಕ್ಕೂ ಚೆನ್ನಾಗಿದೆ, ಅನುಭವ, ಶಿಫ್ಟು, ಮನೆಯಿಂದ ಕೆಲಸ ಎಲ್ಲಾ ಹಾಕಿದ್ರೆ ಕಸ ಅರ್ಧ ಹೋಗತ್ತೆ. ಹೊಸ ಪೋಸ್ಟ್ ಬಿದ್ದ ಕೂಡ್ಲೇ ಅಲರ್ಟ್ ಬರತ್ತೆ. ಆದ್ರೆ ಒಂದೇ ಕೆಲಸನ ನಾಲ್ಕು ಕನ್ಸಲ್ಟೆನ್ಸಿಯವ್ರು ನಾಲ್ಕು ಹೆಸರಲ್ಲಿ ಹಾಕಿರ್ತಾರೆ, ಆ್ಯಪ್ ಅದನ್ನ ನಾಲ್ಕು ಓಪನಿಂಗ್ ಅಂತ್ಲೇ ಎಣಿಸತ್ತೆ. ಯಾವತ್ತೋ ಭರ್ತಿಯಾದ ಪೋಸ್ಟ್‌ಗೆ ಹೊಸ ತಾರೀಖು ಹಾಕಿ ಮೇಲಕ್ಕೆ ತರೋದಂತೂ ಮಾಮೂಲಿ.

ನಂಗೆ ಸಿಟ್ಟು ಬಂದಿದ್ದು 'ಜಾಬ್ ಮಾರ್ಕೆಟ್ ಡ್ಯಾಶ್‌ಬೋರ್ಡ್' ನೋಡಿ, ದುಡ್ಡು ಕೊಟ್ಟೋರಿಗೆ ಮಾತ್ರ ತೆರ್ಕೊಳ್ಳೋ ಫೀಚರ್ ಇದು. ದೊಡ್ಡ ಅಕ್ಷರದಲ್ಲಿ ನಿರುದ್ಯೋಗ ದರ, ಪಕ್ಕದಲ್ಲಿ ಹಸಿರು ಬಾಣ. ದರ ಸ್ವಲ್ಪ ಇಳಿದ್ರೆ ಸಾಕು, 'ಮಾರ್ಕೆಟ್ ಚೇತರಿಸಿಕೊಳ್ತಿದೆ, ಈಗ್ಲೇ ಅಪ್ಲೈ ಮಾಡಿ' ಅಂತ ನೋಟಿಫಿಕೇಶನ್. ಯಾಕೆ ಇಳೀತು ಅಂತ ಎಲ್ಲೂ ಒಂದು ಸಾಲೂ ಇಲ್ಲ.

ಇಳಿಯೋದಕ್ಕೆ ಯಾರಿಗೂ ಕೆಲಸ ಸಿಗ್ಲೇಬೇಕು ಅಂತೇನಿಲ್ಲ, ಲೆಕ್ಕ ಹಾಕಿ ನೋಡಿ. 90 ಜನ ಕೆಲಸದಲ್ಲಿದಾರೆ, 10 ಜನ ಹುಡುಕ್ತಿದಾರೆ, ಒಟ್ಟು 100, ದರ 10%. ಆ ಹತ್ತರಲ್ಲಿ ನಾಲ್ಕು ಜನ ಸಾಕಾಗಿ ಹೋಗಿ ಹುಡುಕೋದೇ ಬಿಟ್ರು ಅನ್ಕೊಳ್ಳಿ. ಅವ್ರು ನಿರುದ್ಯೋಗಿಗಳ ಲೆಕ್ಕದಿಂದಲೂ ಹೋದ್ರು, ಒಟ್ಟು ಲೆಕ್ಕದಿಂದಲೂ ಹೋದ್ರು. ಈಗ 96ರಲ್ಲಿ 6, ಅಂದ್ರೆ 6.25%. ಕೆಲಸದಲ್ಲಿರೋರು ಆಗ್ಲೂ 90, ಈಗ್ಲೂ 90. ಡ್ಯಾಶ್‌ಬೋರ್ಡ್‌ನಲ್ಲಿ ಮಾತ್ರ ಹಸಿರು ಬಾಣ. ಪಕ್ಕದಲ್ಲೇ ಒಟ್ಟು ಜನಸಂಖ್ಯೆಲಿ ಎಷ್ಟು ಜನ ಕೆಲಸದಲ್ಲಿದಾರೆ ಅನ್ನೋದನ್ನೂ ಹಾಕಿದ್ರೆ ಈ ಮೋಸ ತಕ್ಷಣ ಗೊತ್ತಾಗತ್ತೆ, ಅದನ್ನ ಹಾಕೋದಕ್ಕೆ ಏನು ಕಷ್ಟನೋ.

ತಪ್ಪು ಅಂಕಿಅಂಶ ಇಲಾಖೆಯವರದ್ದಲ್ಲ ಅಂತ ಹೇಳ್ಲೇಬೇಕು. ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ವ್ಯಾಖ್ಯಾನ ಸ್ಪಷ್ಟವಾಗೇ ಇದೆ: ಕೆಲಸ ಇರಬಾರ್ದು, ಹಿಂದಿನ 4 ವಾರ ಅಥವಾ ಒಂದು ತಿಂಗಳಲ್ಲಿ ಹುಡುಕಿರ್ಬೇಕು, ಸಿಕ್ರೆ ಸೇರೋಕೆ ರೆಡಿ ಇರ್ಬೇಕು. ವಾರದಲ್ಲಿ 1 ಗಂಟೆ ದುಡ್ಡಿಗೋಸ್ಕರ ಕೆಲಸ ಮಾಡಿದ್ರೂ ನೀವು ಉದ್ಯೋಗಿ. ಕೇಳೋಕೆ ವಿಚಿತ್ರ ಅನ್ಸತ್ತೆ, ಆದ್ರೆ ಎಲ್ಲಾದ್ರೂ ಒಂದು ಕಡೆ ಗೆರೆ ಎಳೀಲೇಬೇಕಲ್ಲ. ಆ ಗೆರೆ ಸಾಲಲ್ಲ ಅಂತ್ಲೇ 2013ರಲ್ಲಿ ಎಲ್‌ಯು1 ಇಂದ ಎಲ್‌ಯು4 ವರೆಗೆ, ದುಡಿಯೋ ಶಕ್ತಿ ಎಷ್ಟು ಬಳಕೆಯಾಗ್ತಿಲ್ಲ ಅಂತ ತೋರಿಸೋ ನಾಲ್ಕು ಅಳತೆ ಇಟ್ರು. ನಾವು ನ್ಯೂಸಲ್ಲಿ ಸಾಮಾನ್ಯವಾಗಿ ನೋಡೋ ನಿರುದ್ಯೋಗ ದರ ಎಲ್‌ಯು1 ಥರದ್ದು ಮಾತ್ರ. ಎಲ್‌ಯು4ರಲ್ಲಿ ಇನ್ನೂ ಜಾಸ್ತಿ ಗಂಟೆ ಕೆಲಸ ಬೇಕು ಅನ್ನೋರು, ಕೆಲಸ ಬೇಕಿದ್ರೂ ಹುಡುಕೋದು ಬಿಟ್ಟೋರು ಕೂಡ ಸೇರ್ತಾರೆ. ಅಮೆರಿಕದಲ್ಲೂ ಹಂಗೇ, ಯು-3 ಅನ್ನೋದು ಹೆಡ್‌ಲೈನಲ್ಲಿ ಬರೋ ದರ, ಯು-6 ಅನ್ನೋದು ಇನ್ನೂ ಜಾಸ್ತಿ ಜನರನ್ನ ಸೇರಿಸ್ಕೊಳ್ಳೋ ಅಗಲದ ಅಳತೆ. ಆ್ಯಪ್‌ನಲ್ಲಿ ಇರೋದು ಹೆಡ್‌ಲೈನ್ ಒಂದೇ.

ಏಪ್ರಿಲ್ 2020ರಲ್ಲಿ ಅಮೆರಿಕದ ದರ 14.7% ಅಂತ ಬಂತು. ಕೊರೊನಾದಿಂದ ಅಂಗಡಿ, ಆಫೀಸ್ ಮುಚ್ಚಿ ಮನೇಲಿ ಕೂತಿದ್ದ ಎಷ್ಟೋ ಜನರನ್ನ 'ಕೆಲಸ ಇದೆ, ರಜದಲ್ಲಿದಾರೆ' ಅಂತ ಬರ್ಕೊಂಡಿದ್ರು, ಹಂಗೆ ಬರೀದಿದ್ರೆ ದರ ಸುಮಾರು 5 ಪರ್ಸೆಂಟೇಜ್ ಪಾಯಿಂಟ್ ಜಾಸ್ತಿ ಇರ್ತಿತ್ತು ಅಂತ ಅಲ್ಲಿನ ಕಾರ್ಮಿಕ ಅಂಕಿಅಂಶ ಸಂಸ್ಥೆನೇ ಅದ್ರ ಜೊತೆ ಹೇಳ್ತು. ಲೆಕ್ಕ ಮಾಡೋರು ಇಷ್ಟು ಪ್ರಾಮಾಣಿಕವಾಗಿ ಅಡಿಟಿಪ್ಪಣಿ ಹಾಕ್ತಾರೆ, ಆ್ಯಪ್‌ನೋರು ಅಡಿಟಿಪ್ಪಣಿ ಕಿತ್ತಾಕಿ ಬಾಣ ಅಂಟಿಸ್ತಾರೆ.

ಇನ್ನೊಂದು ತಮಾಷೆ. ಅದೇ ಅಮೆರಿಕದ ಸಂಸ್ಥೆ ಲೆಕ್ಕದಲ್ಲಿ ಆನ್‌ಲೈನ್‌ನಲ್ಲಿ ಜಾಹೀರಾತು ಓದ್ಕೊಂಡು ಕೂತಿದ್ರೆ ಅದು ಕೆಲಸ ಹುಡುಕಿದಂಗಲ್ಲ! ರೆಸ್ಯೂಮೆ ಕಳಿಸ್ಬೇಕು, ಅಪ್ಲಿಕೇಶನ್ ತುಂಬ್ಬೇಕು, ಇಂಟರ್ವ್ಯೂಗೆ ಹೋಗ್ಬೇಕು, ಪರಿಚಯದವ್ರನ್ನ ಕೇಳಿದ್ರೂ ನಡಿಯತ್ತೆ. ಟ್ರೈನಿಂಗ್ ಕೋರ್ಸ್‌ಗೆ ಹೋಗೋದೂ ಅದೊಂದರಿಂದಲೇ ಲೆಕ್ಕಕ್ಕಿಲ್ಲ. ಈ ಆ್ಯಪ್ ಪ್ರೀಮಿಯಂ ಅಂತ ಮಾರೋದು ಬಹುಪಾಲು ಏನು? ಸ್ಕ್ರೋಲ್ ಮಾಡೋದು, ಕೋರ್ಸ್ ವಿಡಿಯೋ ನೋಡೋದು, 'ನೀವು ಈ ವಾರ ತುಂಬಾ ಆ್ಯಕ್ಟಿವ್' ಅನ್ನೋ ಬ್ಯಾಡ್ಜು. ಮೂಗಿಗೆ ತುಪ್ಪ ಸವರೋದು ಅಂದ್ರೆ ಇದೇ. ಸಂಜೆವರೆಗೂ ಬೆರಳಾಡಿಸಿ ಬ್ಯಾಡ್ಜ್ ತಗೊಂಡಿರೋನು ಬೇರೇನೂ ಮಾಡಿಲ್ಲ ಅಂದ್ರೆ ಆ ಸಮೀಕ್ಷೆಲಿ ನಿರುದ್ಯೋಗಿ ಕೂಡ ಅಲ್ಲ, 'ಕಾರ್ಮಿಕ ಬಲದ ಹೊರಗಿರೋನು', ಅಂದ್ರೆ ಕೆಲಸದಲ್ಲಿರೋರ ಲೆಕ್ಕಕ್ಕೂ ಇಲ್ಲ, ಹುಡುಕ್ತಿರೋರ ಲೆಕ್ಕಕ್ಕೂ ಇಲ್ಲ.

ಕಸ್ಟಮರ್ ಕೇರ್‌ಗೆ ಮೆಸೇಜ್ ಹಾಕಿ ಬಾಣದ ಪಕ್ಕ ಕೆಲಸದಲ್ಲಿರೋರ ಪ್ರಮಾಣನೂ ಹಾಕ್ರಪ್ಪಾ ಅಂದೆ, 'ನಿಮ್ಮ ಸಲಹೆ ಅಮೂಲ್ಯ' ಅಂತ ರೆಡಿಮೇಡ್ ಉತ್ತರ ಬಂತು, ಅಷ್ಟೇ.

ತಗೋಬೇಕಾ ಅಂತ ಕೇಳೋರಿಗೆ: ಫ್ರೀ ಪ್ಲಾನ್‌ನಲ್ಲೂ ಅಲರ್ಟ್ ಬರತ್ತೆ, ಸ್ವಲ್ಪ ಲೇಟಾಗಿ. ಫಿಲ್ಟರ್ ಅಷ್ಟೊಂದು ಬೇಕೇ ಬೇಕು ಅಂದ್ರೆ ಒಂದು ತಿಂಗಳಿಗೆ ಮಾತ್ರ ತಗೊಳ್ಳಿ, ತಗೊಂಡ ದಿನಾನೇ ಆಟೋ ರಿನ್ಯೂವಲ್ ಆಫ್ ಮಾಡಿ, ಆ ಬಟನ್ ಸೆಟ್ಟಿಂಗ್ಸ್‌ನಲ್ಲಿ ಪೇಮೆಂಟ್ ಹಿಸ್ಟರಿ ಕೆಳಗೆ ಬೂದು ಬಣ್ಣದಲ್ಲಿ ಬಚ್ಚಿಟ್ಟಿದಾರೆ. ಡ್ಯಾಶ್‌ಬೋರ್ಡ್ ನೋಟಿಫಿಕೇಶನ್ ಬೇರೆಯಾಗಿ ಆಫ್ ಮಾಡ್ಬೇಕು.