ಬಳಸಿದ ಸೂಜಿಗೊಂದು ಬಿಳಿ ಡಬ್ಬಿ: ಎಂಟು ತಿಂಗಳು ಬಳಸಿದ ಮೇಲೆ

ಗಂಗಾವತಿಯ ಒಂದು ಸಣ್ಣ ನರ್ಸಿಂಗ್ ಹೋಮ್‌ನಲ್ಲಿ ನಾನು ಸ್ಟಾಫ್ ನರ್ಸ್. ಯುಗಾದಿ ಹೊತ್ತಿಗೆ ನಮ್ಮ ವಾರ್ಡಿಗೆ ಸೂಜಿಯಂಥ ಚೂಪಾದ ಕಸ ಹಾಕುವ ಐದು ಲೀಟರಿನ ಬಿಳಿ ಶಾರ್ಪ್ಸ್ ಡಬ್ಬಿ ನಾಲ್ಕು, ಕೈಯಲ್ಲಿ ಒತ್ತುವ ನೀಡಲ್ ಕಟರ್ ಎರಡು ತರಿಸಿದೆವು. ಡಬ್ಬಿಗೆ 260 ರೂಪಾಯಿ, ಕಟರ್‌ಗೆ 340. ಈಗ ಕಾರ್ತಿಕ ಮಾಸ. ಕೊಳ್ಳಬೇಕೋ ಬೇಡವೋ ಎಂದು ಯೋಚಿಸುತ್ತಿರುವ ಸಣ್ಣ ಆಸ್ಪತ್ರೆಯವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಕಡೆ ಜ್ವರ ಅಂದರೆ ಇಂಜೆಕ್ಷನ್ ಆಗಲೇಬೇಕು. ಭತ್ತದ ನಾಟಿ ಮುಗಿಸಿ ಬರುವ ಹೆಣ್ಣುಮಕ್ಕಳು, ರೈಸ್ ಮಿಲ್ಲಿನ ಹಮಾಲರು, ಎಲ್ಲರದೂ ಒಂದೇ ಮಾತು: "ಬರೀ ಗುಳಿಗಿ ಕೊಟ್ರ ಹೆಂಗ್ರಿ ಸಿಸ್ಟರ್, ಒಂದು ಸೂಜಿ ಮಾಡ್ರಿ." ಮಳೆಗಾಲದಲ್ಲಿ ಒಂದು ಶಿಫ್ಟಿನಲ್ಲಿ ಎಷ್ಟು ಸೂಜಿ ಬಿಚ್ಚುತ್ತೇವೋ ಲೆಕ್ಕವಿಲ್ಲ. ಬಿಚ್ಚಿದ ಪ್ರತಿಯೊಂದನ್ನೂ ಯಾರೋ ಒಬ್ಬರು ಎತ್ತಿ ಹೊರಗೆ ಹಾಕಬೇಕಲ್ಲ, ನನ್ನ ಚಿಂತೆ ಅವರದು.

ಹಿಂದೆ ನಾನು ಕೆಲಸ ಮಾಡುತ್ತಿದ್ದ ಆಸ್ಪತ್ರೆಯೊಂದರಲ್ಲಿ ಸೂಜಿ, ಹತ್ತಿ, ಸಲಾಯಿನ್ ಪೈಪು ಎಲ್ಲ ಒಂದೇ ಕರಿ ಚೀಲಕ್ಕೆ ಬೀಳುತ್ತಿದ್ದವು. ಒಂದು ಬೆಳಿಗ್ಗೆ ಚೀಲ ಹೊತ್ತು ಹೊರಟ ಆಯಾ ಅಕ್ಕನ ತೊಡೆಗೆ ಸೂಜಿ ಚುಚ್ಚಿತು. ಯಾವ ಪೇಷಂಟಿನದು ಅಂತ ಹೇಳುವವರಿಲ್ಲ. ಬೈದಾರು, ಪಗಾರ ಹಿಡಿದಾರು ಅಂತ ಹೆದರಿ ಆಕೆ ಒಂದೂವರೆ ದಿನ ಬಾಯಿ ಬಿಡಲಿಲ್ಲ. ಸೀರೆಯ ಮೇಲೆ ಕಡಲೆಕಾಳಿನಷ್ಟು ರಕ್ತದ ಕಲೆ ನೋಡಿ ನಾನೇ ಕೇಳಿದೆ. ಎಚ್‌ಐವಿ ತಡೆಯುವ ಮಾತ್ರೆ ಎರಡು ತಾಸಿನೊಳಗೆ ಶುರುವಾದರೆ ಒಳ್ಳೆಯದು, 72 ತಾಸು ದಾಟಿದರೆ ಉಪಯೋಗವಿಲ್ಲ. ಅವತ್ತೇ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. 28 ದಿನ ಮಾತ್ರೆ ನುಂಗಿದಳು, ಹೊಟ್ಟೆ ತೊಳಸಿ ಉಣ್ಣಲಾಗದೆ ಸೊರಗಿದಳು. ತಪಾಸಣೆಯಲ್ಲಿ ಏನೂ ಬರಲಿಲ್ಲ, ದೇವರ ದಯೆ. ಆದರೆ ರಕ್ತದಿಂದಲೇ ಹರಡುವ ಇನ್ನೊಂದು ಸೋಂಕು, ಲಿವರಿಗೆ ಬರುವ ಹೆಪಟೈಟಿಸ್ ಬಿ; ಅದರ ಲಸಿಕೆಯನ್ನೇ ಆಕೆಗೆ ಯಾರೂ ಹಾಕಿಸಿರಲಿಲ್ಲ. ಸೋಂಕಿರುವ ಸೂಜಿ ಚುಚ್ಚಿದರೆ ಎಚ್‌ಐವಿ ತಗಲುವುದು ಸಾವಿರಕ್ಕೆ ಸುಮಾರು ಮೂವರಿಗೆ. ಲಸಿಕೆ ಇಲ್ಲದವರಿಗೆ ಹೆಪಟೈಟಿಸ್ ಬಿ ನೂರಕ್ಕೆ 6ರಿಂದ 30 ಮಂದಿಗೆ. ನಾವೆಲ್ಲ ಹೆದರುವುದು ಮಾತ್ರ ಮೊದಲನೆಯದಕ್ಕೇ.

ಇನ್ನು ಡಬ್ಬಿ. ಪ್ಲಾಸ್ಟಿಕ್ ದಪ್ಪಗಿದೆ, ಬೇಕಂತಲೇ ಒಳಗಿನಿಂದ ಸೂಜಿ ಒತ್ತಿ ನೋಡಿದೆ, ತೂರಲಿಲ್ಲ. ಮಬ್ಬು ಬಿಳುಪಾದ್ದರಿಂದ ಎಷ್ಟು ತುಂಬಿದೆ ಅಂತ ಹೊರಗಿನಿಂದಲೇ ಕಾಣುತ್ತದೆ. ಮುಕ್ಕಾಲು ಆದ ಕೂಡಲೇ ಮುಚ್ಚಬೇಕು, ಅದಕ್ಕೆ ಗೆರೆಯೂ ಇದೆ. ಮುಚ್ಚಳ ಪೂರ್ತಿ ಒತ್ತಿದರೆ ಮತ್ತೆ ಬಿಚ್ಚುವುದಿಲ್ಲ. ಇದನ್ನು ಮೊದಲೇ ಎಲ್ಲರಿಗೂ ತೋರಿಸಿ. ನಮ್ಮ ವಾರ್ಡ್ ಬಾಯ್ ಮೊದಲ ದಿನವೇ ಖಾಲಿ ಡಬ್ಬಿಯನ್ನು ಒತ್ತಿಬಿಟ್ಟ, 260 ರೂಪಾಯಿ ಹೋಯಿತು.

ದೊಡ್ಡ ದೋಷ ಬಾಯಿಯದು. ಸಾದಾ ಸೂಜಿ ಸಲೀಸಾಗಿ ಬೀಳುತ್ತದೆ. ಮಕ್ಕಳ ರಕ್ತನಾಳಕ್ಕೆ ಹಾಕುವ ರೆಕ್ಕೆ ಸೂಜಿ, ಅಂದರೆ ಸ್ಕಾಲ್ಪ್ ವೇನ್ ಸೆಟ್, ಮಾತ್ರ ಅದರ ಎರಡು ರೆಕ್ಕೆ ಅಂಚಿಗೆ ಸಿಕ್ಕಿ ಅರ್ಧಕ್ಕೇ ನಿಲ್ಲುತ್ತದೆ, ಸೂಜಿ ಮೇಲ್ಮುಖವಾಗಿರುತ್ತದೆ. ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಬೆರಳಿಂದ ಒಳಗೆ ನೂಕಲು ಹೋದಳು, ಕೂಗಿ ತಡೆದೆ. ಈಗ ಪಕ್ಕದಲ್ಲೇ ಒಂದು ಚಿಮಟ ಕಟ್ಟಿದ್ದೇವೆ. ತಯಾರಿಸುವವರು ಬಾಯಿಯನ್ನು ಎರಡು ಬೆರಳಷ್ಟಾದರೂ ಅಗಲ ಮಾಡಲೇಬೇಕು.

ಕಟರ್ ಮೂರು ತಿಂಗಳು ಚೆನ್ನಾಗಿತ್ತು. ಸೂಜಿಯ ಬುಡದಲ್ಲಿ ಸಿರಿಂಜಿನ ಮೂತಿಯನ್ನೇ ಕತ್ತರಿಸುವುದರಿಂದ ಆ ಸಿರಿಂಜ್ ಮತ್ತೆ ಯಾರಿಗೂ ಬಳಸಲು ಬರುವುದಿಲ್ಲ; ಸಿರಿಂಜ್ ಪ್ಲಾಸ್ಟಿಕ್ ಕಸದ ಕೆಂಪು ಬಕೆಟ್ಟಿಗೆ, ಸೂಜಿ ಕಟರಿನ ಒಳಗೆ. ಆಮೇಲೆ ಬ್ಲೇಡ್ ಮೊಂಡಾಯಿತು, ಎರಡು ಸಲ ಒತ್ತಬೇಕು, ಹನಿ ಸಿಡಿಯುತ್ತದೆ. ಬ್ಲೇಡ್ ಬೇರೆ ಸಿಗುವುದಿಲ್ಲವಂತೆ. ಆ ಹಣಕ್ಕೆ ಇನ್ನೊಂದು ಡಬ್ಬಿ ತರಿಸಿ, ಸೂಜಿಯನ್ನು ಸಿರಿಂಜ್ ಸಮೇತ ಹಾಕುವುದು ಮೇಲು. ಡಬ್ಬಿ ಬೇಗ ತುಂಬೀತು, ತುಂಬಲಿ.

ಎಲ್ಲಿಡುತ್ತೀರಿ ಅನ್ನುವುದು ಕೊಂಡದ್ದಕ್ಕಿಂತ ಮುಖ್ಯ. ಮೊದಲು ನರ್ಸಿಂಗ್ ಸ್ಟೇಷನ್ ಗೋಡೆಗೆ ಹಾಕಿದ್ದೆವು. ಕೊನೆಯ ಹಾಸಿಗೆಯಿಂದ ಅಲ್ಲಿಗೆ ಹದಿನೆಂಟು ಹೆಜ್ಜೆ. ಅಷ್ಟು ದೂರ ಬಿಚ್ಚು ಸೂಜಿ ಹಿಡಿದು ಯಾರು ನಡೆದಾರು? ಎಲ್ಲರೂ ಸೂಜಿಗೆ ಮತ್ತೆ ಕ್ಯಾಪ್ ಹಾಕುತ್ತಿದ್ದರು, ಎಡಗೈ ಬೆರಳಿಗೆ ಚುಚ್ಚುವುದೇ ಆಗ. ಈಗ ಡಬ್ಬಿ ಇಂಜೆಕ್ಷನ್ ಟ್ರಾಲಿಯ ಮೇಲೇ ಇದೆ, ಹಾಸಿಗೆಯ ಪಕ್ಕಕ್ಕೇ ಬರುತ್ತದೆ. ಕ್ಯಾಪ್ ಹಾಕುವ ಚಾಳಿ ಎರಡು ವಾರದಲ್ಲಿ ಬಿಟ್ಟುಹೋಯಿತು.

2016ರ ಬಯೋಮೆಡಿಕಲ್ ತ್ಯಾಜ್ಯ ನಿಯಮದ ಪ್ರಕಾರ ಚೂಪಾದದ್ದಕ್ಕೆ ಈ ಬಿಳಿ ಡಬ್ಬಿ ಇರಲೇಬೇಕು. ತಪಾಸಣೆಗೆ ಬಂದಾಗ ತೋರಿಸಲು ಒಂದನ್ನು ಕಪಾಟಿನಲ್ಲಿಟ್ಟವರನ್ನೂ ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಖರ್ಚು ನಮ್ಮ ಲೆಕ್ಕದಲ್ಲಿ ತಿಂಗಳಿಗೆ ಎರಡು ಡಬ್ಬಿ, 520 ರೂಪಾಯಿ.

ಡಬ್ಬಿಗೆ ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ, ಕಟರ್‌ಗೆ ಎರಡು. ಡಬ್ಬಿ ತರಿಸುವ ದಿನವೇ ಕಸ ಎತ್ತುವವರಿಗೂ ಹೆಪಟೈಟಿಸ್ ಬಿ ಲಸಿಕೆ ಹಾಕಿಸಿ: ಮೊದಲನೆಯದಾದ ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ನಮ್ಮ ಈಗಿನ ಆಯಾ ಅಕ್ಕನಿಗೆ ಎರಡಾಗಿವೆ. ಮೂರನೆಯದು ಶಿವರಾತ್ರಿ ಹೊತ್ತಿಗೆ; ತಾರೀಖನ್ನು ಟ್ರಾಲಿಯ ಡಬ್ಬಿ ಮೇಲೆ ಮಾರ್ಕರಿನಲ್ಲಿ ಬರೆದಿದ್ದೇನೆ, ಡಬ್ಬಿ ಬದಲಿಸಿದಾಗೆಲ್ಲ ಹೊಸದರ ಮೇಲೂ ಬರೆಯುತ್ತೇನೆ.