ಆ್ಯಪಾ, ಪುಸ್ತಕವಾ? ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಒಂದು ಪರೀಕ್ಷೆ

ಜನವರಿಯಲ್ಲಿ ಹಕ್ಕಿ ನೋಡಲು ಶುರು ಮಾಡಿದಾಗ ನನಗೆ ಗೊತ್ತಿದ್ದದ್ದು ಕಾಗೆ, ಗುಬ್ಬಿ, ಗಿಳಿ, ಪಾರಿವಾಳ ಅಷ್ಟೇ. ಬೆಳ್ಳಗೆ, ಉದ್ದ ಕಾಲಿನದು ಏನು ಕಂಡರೂ ಕೊಕ್ಕರೆ! ಮೈಸೂರಿನ ಕುಕ್ಕರಹಳ್ಳಿ ಕೆರೆ ಮನೆಗೆ ಹತ್ತಿರ. ಹಾಗಾಗಿ ಒಂದು ವಾರ, ಕೂಗು ಕೇಳಿ ಹಕ್ಕಿಯ ಹೆಸರು ಹೇಳುವ ಮೆರ್ಲಿನ್ ಆ್ಯಪ್ ಹಿಡಿದು, ಇನ್ನೊಂದು ವಾರ ಹಕ್ಕಿ ಗುರುತಿಸುವ ಪುಸ್ತಕ ಹಿಡಿದು ಏರಿ ಮೇಲೆ ಓಡಾಡಿದೆ.

ಮೊದಲ ವಾರ ಆ್ಯಪ್‌ಗೆ ಮನಸೋತೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿ ಪ್ರಯೋಗಾಲಯ ಮಾಡಿದ್ದು, ದುಡ್ಡು ಕೊಡಬೇಕಿಲ್ಲ. ನಮ್ಮ ಭಾಗದ ಹಕ್ಕಿಗಳ ಪ್ಯಾಕ್ ಮೊದಲೇ ಇಳಿಸಿಕೊಂಡರೆ ನೆಟ್ ಇಲ್ಲದಿದ್ದರೂ ನಡೆಯುತ್ತದೆ. ಪೊದೆಯೊಳಗೆ ಯಾವುದೋ ಹಕ್ಕಿ ಗಂಟಲು ಹರಿಯುವಂತೆ ಕೂಗುತ್ತಿತ್ತು. ಫೋನ್ ಹಿಡಿದ ತಕ್ಷಣ ಹೆಸರು ಬಂತು: ಟುವ್ವಿ ಹಕ್ಕಿ. ಹತ್ತು ನಿಮಿಷ ಕಾದ ಮೇಲೆ ಹೊರಗೆ ಬಂದದ್ದು ಹೆಬ್ಬೆರಳಿನಷ್ಟಿದೆಯೇನೋ ಅನ್ನಿಸುವ ಪುಟಾಣಿ. ಪುಸ್ತಕದಲ್ಲಿ ಈ ಕೂಗನ್ನು ಅಕ್ಷರದಲ್ಲಿ ಬರೆದಿದ್ದಾರೆ, ನಿಜ. ಅದನ್ನು ಓದಿ ಹಕ್ಕಿ ಹುಡುಕುವುದು ಅಂದ್ರೆ ಸಾಹಿತ್ಯ ಓದಿ ರಾಗ ಹೇಳಿದ ಹಾಗೆ.

ಆದರೆ ನೀರಿನ ಹತ್ತಿರ ಬಂದಾಗ ಆ್ಯಪ್‌ನ ಕಿವಿ ಕೆಲಸಕ್ಕೆ ಬರಲಿಲ್ಲ. ಒಣಮರದ ಮೇಲೆ ಕೂತ ನೀರುಕಾಗೆಗಳು ಬಾಯಿ ಬಿಟ್ಟರೆ ತಾನೇ! ಎಲ್ಲ ಕಪ್ಪು, ಎಲ್ಲ ಒಂದೇ ಥರ. ಪುಸ್ತಕದ ಒಂದೇ ಪುಟದಲ್ಲಿ ಎರಡು ಬಗೆಯ ಚಿತ್ರ ಪಕ್ಕಪಕ್ಕ ಇತ್ತು. ಪುಟ್ಟ ನೀರುಕಾಗೆಯ ಕೊಕ್ಕು ಮೋಟು, ಹಣೆ ಕಡಿದಾಗಿದೆ. ಇನ್ನೊಂದಕ್ಕೆ ಸಪೂರವಾದ ಉದ್ದ ಕೊಕ್ಕು, ತುದಿಯಲ್ಲಿ ಕೊಕ್ಕೆ, ಕಣ್ಣು ನೀಲಿ-ಹಸಿರು. ಎಲ್ಲಿ ನೋಡಬೇಕು ಅಂತ ಗೊತ್ತಾದ ಮೇಲೆ ಬರಿಗಣ್ಣಿಗೂ ವ್ಯತ್ಯಾಸ ಕಾಣತೊಡಗಿತು. ಅವು ರೆಕ್ಕೆ ಹರಡಿಕೊಂಡು ಕೂರುವುದು ಯಾಕೆ ಅಂತಲೂ ಅಲ್ಲೇ ಓದಿದೆ. ಬಾತುಕೋಳಿಯ ಪುಕ್ಕದ ಮೇಲೆ ನೀರು ನಿಲ್ಲುವುದಿಲ್ಲ, ನೀರುಕಾಗೆಯ ಪುಕ್ಕ ನೆನೆಯುತ್ತದೆ. ನೆನೆದರೆ ತೇಲುವುದು ಕಡಿಮೆ, ಮೀನಿನ ಹಿಂದೆ ಮುಳುಗುವುದು ಸುಲಭ. ಆಮೇಲೆ ಬಟ್ಟೆ ಹರವಿದ ಹಾಗೆ ರೆಕ್ಕೆ ಒಣಗಿಸಲೇಬೇಕು.

ದುರ್ಬೀನಿನಲ್ಲೂ ಒಂದು ತಪ್ಪು ಮಾಡಿದೆ. ದೊಡ್ಡದಾಗಿ ಕಾಣಲಿ ಅಂತ 10x50 ಕೊಂಡೆ (ಮೊದಲ ಅಂಕಿ ಎಷ್ಟು ಪಟ್ಟು ಹತ್ತಿರ ಕಾಣುತ್ತೆ ಅನ್ನೋದು, ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ). ಭಾರ, ಕೈ ನಡುಕ ಜಾಸ್ತಿ, ಹಾರುವ ಹಕ್ಕಿ ಅದರೊಳಗೆ ಸಿಗುವುದೇ ಇಲ್ಲ. ಗೆಳೆಯನ 8x42 ತಗೊಂಡು ನೋಡಿದ ದಿನ ಹೊಟ್ಟೆ ಉರಿಯಿತು. ಹೊಸಬರು ಸುಮ್ನೆ ಅದನ್ನೇ ಕೊಳ್ಳಿ.

ಮಾರ್ಚ್‌ನಲ್ಲಿ ಒಂದು ಬೆಳಿಗ್ಗೆ ಕಂದು ಮೈಮೇಲೆಲ್ಲ ಬಿಳಿ ಚುಕ್ಕೆಯಿದ್ದ ಹಕ್ಕಿಯೊಂದು 'ಕಿಕ್-ಕಿಕ್-ಕಿಕ್' ಅನ್ನುತ್ತಾ ಹಾರಿತು. ಹಿಂದೆಯೇ ಎರಡು ಕಾಗೆ ಅಟ್ಟಿಸಿಕೊಂಡು ಬಂದವು. ಆ್ಯಪ್ ಹೇಳಿತು: ಕೋಗಿಲೆ. ನಕ್ಕುಬಿಟ್ಟೆ. ಕೋಗಿಲೆ ಕಪ್ಪಲ್ವಾ? ಕುಹೂ ಅನ್ನಬೇಕಲ್ವಾ? ಮನೆಗೆ ಬಂದು ಪುಸ್ತಕ ತೆಗೆದರೆ ತಪ್ಪು ನನ್ನದೇ. ಕಪ್ಪಗಿರುವುದು ಗಂಡು, ಕುಹೂ ಅನ್ನುವುದೂ ಗಂಡೇ. ಚುಕ್ಕೆಯದು ಹೆಣ್ಣು. ಕಾಗೆ ಗೂಡಲ್ಲಿ ಮೊಟ್ಟೆಯಿಡುವುದು ಅದೇ, ಕಾಗೆಗಳಿಗೆ ಸಿಟ್ಟು ಬರದೇ ಇರುತ್ತಾ! ಆ್ಯಪ್ ಸರಿಯಾದ ಹೆಸರನ್ನೇ ಕೊಟ್ಟಿತ್ತು. ನಾನು ನಂಬಿದ್ದು ಪುಸ್ತಕ ನೋಡಿದ ಮೇಲೆ.

ಹಾಗಾಗಿ ಒಂದನ್ನೇ ಆರಿಸು ಅಂದರೆ ನನಗೆ ಪುಸ್ತಕ. ಆ್ಯಪ್ ಇರುವುದು ಕಾಣದ ಹಕ್ಕಿಗೆ. ಕಂಡ ಹಕ್ಕಿಯನ್ನು ಮೊದಲು ನೋಟ್‌ಬುಕ್ಕಿನಲ್ಲಿ ಗೀಚಿಕೊಳ್ಳುತ್ತೇನೆ: ಕೊಕ್ಕು, ಕಾಲಿನ ಬಣ್ಣ, ಬಾಲ ಕುಣಿಸುತ್ತಾ ಇಲ್ವಾ. ಎಲೆಗಳ ನಡುವೆ ಚಟಪಟ ಓಡಾಡುವ ಉಲಿಯಕ್ಕಿಗಳ (ಚಳಿಗಾಲಕ್ಕೆ ವಲಸೆ ಬರುವ ಪುಟ್ಟ ವಾರ್ಬ್ಲರ್ ಹಕ್ಕಿಗಳ) ಮುಂದೆ ಮಾತ್ರ ಎರಡೂ ಸೋತವು. ಪುಸ್ತಕದಲ್ಲಿ ಎಲ್ಲವೂ ಒಂದೇ ಥರ, ಆ್ಯಪ್ ದಿನಕ್ಕೊಂದು ಹೆಸರು ಹೇಳಿತು. ಏಪ್ರಿಲ್ ಮುಗಿಯುವ ಹೊತ್ತಿಗೆ ಅವು ಉತ್ತರಕ್ಕೆ ಹೊರಟೇಹೋದವು. ನೋಟ್‌ಬುಕ್ಕಿನಲ್ಲಿ ಅವುಗಳ ಮುಂದೆ ಇನ್ನೂ ಪ್ರಶ್ನೆ ಗುರುತೇ ಇದೆ.