ಮಾರುತಿ ತೊಗರಿ: ಹಲವು ವರ್ಷ ಬಿತ್ತಿದ ಮೇಲೆ ಬರೆದದ್ದು

ತೊಗರಿ ಬೆಳೆಯುವವರಿಗೆ ನೆಟೆ ರೋಗದ ಬಗ್ಗೆ ಹೇಳಿಕೊಡಬೇಕಿಲ್ಲ. ಹೂವು, ಕಾಯಿ ಕಟ್ಟುವ ಹೊತ್ತಿಗೆ ಸರಿಯಾಗಿ ಗಿಡ ಸೊರಗಿ ನಿಲ್ಲುತ್ತದೆ. ನೆಲದಲ್ಲಿ ತೇವ ಇದ್ದರೂ ಎಲೆ ಜೋತು ಬೀಳುತ್ತದೆ. ಅಂಥ ಗಿಡ ಕಿತ್ತು ಕಾಂಡ ಸೀಳಿ ನೋಡಿ, ತೊಗಟೆಯ ಒಳಗೆ ಉದ್ದಕ್ಕೂ ಕಪ್ಪು ಗೆರೆ ಕಾಣುತ್ತದೆ. ಫ್ಯುಸೇರಿಯಂ ಎಂಬ ಶಿಲೀಂಧ್ರ ಬೇರಿನಿಂದ ಹತ್ತಿ, ನೀರು ಏರುವ ದಾರಿಯನ್ನೇ ಕಟ್ಟಿಹಾಕಿರುತ್ತದೆ. ಆಮೇಲೆ ಏನು ಹೊಡೆದರೂ ಆ ಗಿಡ ಉಳಿಯುವುದಿಲ್ಲ. ಕೂಳೆ ಮಣ್ಣಲ್ಲಿದ್ದರೆ ರೋಗವೂ ವರ್ಷಗಟ್ಟಲೆ ಅಲ್ಲೇ ಇರುತ್ತದೆ. ಜಾಸ್ತಿ ಜಮೀನಿದ್ದವರು ಹೊಲ ಬದಲಿಸಬಹುದು. ಇರುವುದೇ ಒಂದು ತುಂಡು ಭೂಮಿ ಅಂದರೆ ಎಲ್ಲಿಗೆ ಹೋಗುವುದು?

ನೆಟೆ ತಡೆಯುವ ಮಾರುತಿ ತಳಿಯನ್ನು ನಾನು ಹಿಡಿದದ್ದು ಈ ಕಾರಣಕ್ಕೇ. ಇದರ ಸಂಖ್ಯೆ ಐಸಿಪಿ 8863. ಹೈದರಾಬಾದ್ ಹತ್ತಿರದ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನಲ್ಲಿ ಆರಿಸಿ ತೆಗೆದ ತಳಿ, 1986ರಲ್ಲಿ ಕರ್ನಾಟಕದಲ್ಲಿ ಬಿಡುಗಡೆಯಾಯಿತು. ಹೈಬ್ರಿಡ್ ಅಲ್ಲ, ಹಾಗಾಗಿ ಬೀಜ ನಾವೇ ಇಟ್ಟುಕೊಳ್ಳಬಹುದು.

ಇಳುವರಿ ವಿಷಯ ನೇರವಾಗಿ ಹೇಳುತ್ತೇನೆ. ರೋಗವಿಲ್ಲದ ಹೊಲ, ಒಳ್ಳೆ ಮಳೆ ಇದ್ದ ವರ್ಷ ನಮ್ಮ ಹಳೇ ತಳಿಗೂ ಇದಕ್ಕೂ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ವ್ಯತ್ಯಾಸ ಕಂಡದ್ದು ಕೆಟ್ಟ ವರ್ಷಗಳಲ್ಲಿ. ಮೊದಲು ಹೊಲದ ನಡುವೆ ತೇಪೆ ತೇಪೆಯಾಗಿ ಒಣಗುತ್ತಿದ್ದ ಜಾಗದಲ್ಲೇ ಈಗ ಗಿಡ ಕಾಯಿ ತುಂಬಿ ನಿಲ್ಲುತ್ತದೆ. ಸಣ್ಣ ಹಿಡುವಳಿಗೆ ಇದು ಎಷ್ಟು ದೊಡ್ಡ ಮಾತು ಅಂತ ಬೆಳೆದವರಿಗೇ ಗೊತ್ತು. ಬಿತ್ತನೆಗೆ ಕೈಸಾಲ ಮಾಡುವುದು ತಪ್ಪಿತು. ಸಾಲ ಕೊಟ್ಟವರ ಅವಸರಕ್ಕೆ ರಾಶಿ ಮಾಡಿದ ಕೂಡಲೇ ಮಾರುವುದೂ ನಿಂತಿತು. ಕಾಳು ಚೆನ್ನಾಗಿ ಒಣಗಿಸಿ, ದರ ನೋಡಿ ಮಾರುವಷ್ಟು ತಡೆದುಕೊಳ್ಳುವ ಶಕ್ತಿ ಬಂತು. ನನ್ನ ಲೆಕ್ಕದಲ್ಲಿ ಈ ತಳಿಯ ನಿಜವಾದ ಲಾಭ ಇದೇ.

ಕಾಯಿಕೊರಕ ಹುಳುವಿಗೆ ಮಾತ್ರ ಇದರಿಂದ ಏನೂ ಸಹಾಯವಿಲ್ಲ. ಹೂವಾಡುವಾಗ ಹೊಲಕ್ಕೆ ಹೋಗಿ ಮೊಟ್ಟೆ, ಮರಿಹುಳು ನೋಡುವ ಕೆಲಸ ಮೊದಲಿನಷ್ಟೇ ಇದೆ. ಜೋಳದ ಜೊತೆ ಸಾಲು ಹಾಕುವುದನ್ನೂ ನಾನು ಬಿಟ್ಟಿಲ್ಲ, ಅದರಿಂದ ನೆಟೆ ಇನ್ನೂ ಕಮ್ಮಿಯಾಗುತ್ತದೆ.

ಬೀಜದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ತೊಗರಿ ಹೂವಿಗೆ ಜೇನುನೊಣ ಬರುತ್ತದೆ, ಪಕ್ಕದ ಹೊಲದ ಬೇರೆ ತಳಿಯ ಪರಾಗ ತರುತ್ತದೆ. ಸುಮ್ನೆ ರಾಶಿಯಿಂದ ಒಂದು ಚೀಲ ಎತ್ತಿಟ್ಟು ವರ್ಷಾನುವರ್ಷ ಬಿತ್ತಿದರೆ ತಳಿ ಕಲಬೆರಕೆಯಾಗಿ ರೋಗ ತಡೆಯುವ ಗುಣ ಇಳಿಯುತ್ತದೆ. "ಮಾರುತಿಯೂ ಒಣಗ್ತಿದೆ" ಅಂತ ಹೇಳುವವರ ಬೀಜ ಎಲ್ಲಿಂದ ಬಂತು ಅಂತ ಮೊದಲು ಕೇಳಬೇಕು, ಅಲ್ವಾ? ನಾನು ಹೂ ಬಿಡುವ ಮುಂಚೆಯೇ ಬೇರೆ ಥರ ಕಾಣುವ ಗಿಡ ಕಿತ್ತುಹಾಕುತ್ತೇನೆ. ಅಂಚಿನ ಸಾಲು ಬಿಟ್ಟು, ಹೊಲದ ನಡುವಿನ ಗಟ್ಟಿ ಗಿಡಗಳಿಗೆ ದಾರ ಕಟ್ಟಿ, ಅವನ್ನು ಬೇರೆಯೇ ಬಡಿದು ಬೀಜಕ್ಕಿಡುತ್ತೇನೆ. ಆಗಾಗ ಪ್ರಮಾಣಿತ ಬೀಜವನ್ನೂ ಹೊಸದಾಗಿ ತರುತ್ತೇನೆ.

ಕೊನೆಗೆ ಒಂದು ಎಚ್ಚರಿಕೆ. ಗೊಡ್ಡು ರೋಗ ಇರುವ ಕಡೆ ಮಾರುತಿ ಬೇಡ. ಕಣ್ಣಿಗೆ ಕಾಣದ ನುಸಿಯಿಂದ ಹರಡುವ ಆ ರೋಗವನ್ನು ಇದು ತಡೆಯುವುದಿಲ್ಲ. ಗಿಡ ಹಸಿರಾಗಿ, ಪೊದೆಯಾಗಿ ಬೆಳೆಯುತ್ತದೆ, ಹೂವೇ ಬಿಡುವುದಿಲ್ಲ. ಅಂಥ ಹೊಲಕ್ಕೆ ಎರಡೂ ರೋಗ ತಡೆಯುವ ಆಶಾ ಅಥವಾ ಬಿಎಸ್‌ಎಂಆರ್ 736 ತಳಿ ಕೇಳಿ. ಆಶಾ ಕೊಯ್ಲಿಗೆ ಬರುವುದು ಸ್ವಲ್ಪ ತಡ, ಮಳೆ ಬೇಗ ನಿಲ್ಲುವ ಜಮೀನಾದರೆ ಅದನ್ನೂ ಯೋಚಿಸಿ.